ಬರೆಯಲು ಕುಳಿತಾಗ ಮನಸ್ಸನ್ನು ಹಿಡಿದಿಡುವ ತಂತ್ರಾಂಶ ಯಾವುದು? ಕನ್ನಡದಲ್ಲಿ ಬರೆಯುವವರು ಹೇಳಿ

ಅರೆಕಾಲಿಕ

ಹಗಲು ಬ್ಯಾಂಕ್ ನೌಕರಿ, ರಾತ್ರಿ ಕಾದಂಬರಿ. ಮೊದಲನೆಯದರಲ್ಲಿ ಕಾಯಂ, ಎರಡನೆಯದರಲ್ಲಿ ಇನ್ನೂ ಪ್ರೊಬೇಷನರಿ. ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆಯುತ್ತೇನೆ, ಮಲಗುವ ಹೊತ್ತಿಗೆ ಪುಟದಲ್ಲಿ ನಾಲ್ಕು ಸಾಲು ಇರುತ್ತದೆ. ನಡುವಿನ ಹೊತ್ತು ಎಲ್ಲಿ ಹೋಯಿತೆಂದರೆ, ಕಥೆಯ ಸೋದರಮಾವ 1975ರಲ್ಲಿ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರಬೇಕಿತ್ತು. ಆಗಿನ ಬಸ್ಸು ಹೇಗಿತ್ತೆಂದು ನೋಡಲು ಬ್ರೌಸರ್ ತೆರೆದೆ. ಬಸ್ಸಿನ ಚಿತ್ರದಿಂದ ಆಗುಂಬೆ ಘಾಟಿಗೆ, ಘಾಟಿಯಿಂದ ಯಾರದೋ ಪ್ರವಾಸದ ವಿಡಿಯೊಗೆ, ಅಲ್ಲಿಂದ ನೀರ್‌ದೋಸೆ ಮಾಡುವ ವಿಧಾನಕ್ಕೆ. ಸೋದರಮಾವ ಇನ್ನೂ ನಿಲ್ದಾಣದಲ್ಲೇ ನಿಂತಿದ್ದಾನೆ.

ನನ್ನಲ್ಲಿರುವುದು ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಆಂಡ್ರಾಯ್ಡ್ ಫೋನ್. ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಕನ್ನಡ ಮೂಡುವ ವಿಧಾನದಲ್ಲಿ ಟೈಪ್ ಮಾಡುತ್ತೇನೆ. ಬರಹಗಾರರಿಗೆಂದೇ ಇರುವ ತಂತ್ರಾಂಶಗಳ ಪಟ್ಟಿ ಇಂಗ್ಲಿಷಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅವನ್ನು ಕನ್ನಡ ಬರವಣಿಗೆಗೆ ಹಚ್ಚಿ ನೋಡಿದವರು ತಿಳಿಸಿದರೆ ಉಪಕಾರ. ‘ಮನಸ್ಸಿದ್ದರೆ ಮಾರ್ಗ’ ಎಂಬ ಉತ್ತರ ಮಾತ್ರ ಬೇಡ. ಅದನ್ನು ಅಮ್ಮ ದಿನವೂ ಹೇಳುತ್ತಾರೆ.

ಬೀಗದಕೈ

ನಿಮಗೆ ಬೇಕಿರುವುದು ಎರಡು ಬೇರೆ ಬೇರೆ ವಸ್ತುಗಳು. ಜಾಲತಾಣಗಳಿಗೆ ಬೀಗ ಹಾಕುವುದು ಒಂದು, ಬರೆಯುವ ಪರದೆಯನ್ನು ಬರಿದಾಗಿಸುವುದು ಇನ್ನೊಂದು. ಇವೆರಡನ್ನೂ ಒಂದೇ ತಂತ್ರಾಂಶದಲ್ಲಿ ಹುಡುಕಬೇಡಿ.

ಬೀಗಕ್ಕೆ ಲೀಚ್‌ಬ್ಲಾಕ್‌ನಿಂದ ಶುರುಮಾಡಿ. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಮೂರಕ್ಕೂ ಸಿಗುತ್ತದೆ, ಉಚಿತ. ಇಂಥ ತಾಣಗಳು ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ತೆರೆಯಕೂಡದು ಎಂದು ವಿಧಿಸಬಹುದು. ಅಥವಾ ಗಂಟೆಗೆ ಹತ್ತು ನಿಮಿಷ ಮಾತ್ರ ಎಂದು ಪಡಿತರವನ್ನೂ ನಿಗದಿ ಮಾಡಬಹುದು. ಆದರೆ ಅದು ಬ್ರೌಸರಿನೊಳಗಿನ ಬೀಗ, ಬ್ರೌಸರ್ ಬದಲಿಸಿದರೆ ಮುಗಿಯಿತು. ಅಷ್ಟು ಚಾಲಾಕಿತನ ನಿಮ್ಮಲ್ಲಿದ್ದರೆ ಕೋಲ್ಡ್ ಟರ್ಕಿ ನೋಡಿ. ಅದು ಇಡೀ ಕಂಪ್ಯೂಟರಿಗೆ ಅನ್ವಯಿಸುತ್ತದೆ, ಬೀಗ ಹಾಕಿದ ಮೇಲೆ ಅವಧಿ ಮುಗಿಯುವ ತನಕ ಬಿಡಿಸಿಕೊಳ್ಳುವುದು ಸುಲಭವಲ್ಲ. ಮ್ಯಾಕ್ ಬಳಸುವವರಿಗೆ ಸೆಲ್ಫ್‌ಕಂಟ್ರೋಲ್ ಇದೆ, ಯಂತ್ರವನ್ನು ಮರುಚಾಲನೆ ಮಾಡಿದರೂ ಅದು ಜಗ್ಗುವುದಿಲ್ಲ. ಕಂಪ್ಯೂಟರ್, ಫೋನ್ ಎರಡಕ್ಕೂ ಒಟ್ಟಿಗೆ ಬೀಗ ಹಾಕುವ ಫ್ರೀಡಂ ಕೂಡ ಇದೆ, ಅದಕ್ಕೆ ಚಂದಾ ಕಟ್ಟಬೇಕು. ಇಂಗ್ಲಿಷ್ ಕಾದಂಬರಿಕಾರ್ತಿ ಜೇಡಿ ಸ್ಮಿತ್ 2012ರ ತಮ್ಮ ಕಾದಂಬರಿಯ ಕೃತಜ್ಞತೆಯ ಪುಟದಲ್ಲಿ ಈ ಕೊನೆಯ ಎರಡು ತಂತ್ರಾಂಶಗಳನ್ನೂ ನೆನೆದಿದ್ದಾರೆ.

ಪರದೆಗೆ ಫೋಕಸ್‌ರೈಟರ್. ಇದೂ ಉಚಿತ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ತೆರೆದರೆ ಪರದೆಯ ತುಂಬ ಹಾಳೆ ಮಾತ್ರ. ಮೌಸನ್ನು ಅಂಚಿಗೆ ಒಯ್ದರೆ ಮೆನು ಇಣುಕುತ್ತದೆ, ಇಲ್ಲದಿದ್ದರೆ ಅಡಗಿಯೇ ಇರುತ್ತದೆ. ಗಡಿಯಾರವೂ ಕಾಣುವುದಿಲ್ಲ. ದಿನಕ್ಕೆ ಇಷ್ಟು ಪದ ಅಥವಾ ಇಷ್ಟು ನಿಮಿಷ ಎಂದು ಗುರಿಯನ್ನೂ ಇಟ್ಟುಕೊಳ್ಳಬಹುದು.

ಹಾಳೆಮಸಿ

ಇಷ್ಟೆಲ್ಲ ಬೀಗ, ಚಿಲಕ, ಅಗುಳಿ! ಒಂದು ದಸ್ತು ಬಿಳಿ ಹಾಳೆ, ಒಂದು ಮಸಿ ಪೆನ್ನು ತನ್ನಿ. ಹಾಳೆಯಲ್ಲಿ ನೀರ್‌ದೋಸೆಯ ವಿಡಿಯೊ ಬರುವುದಿಲ್ಲ. ನಮ್ಮ ಹಿರಿಯರು ಸಾವಿರ ಪುಟದ ಕಾದಂಬರಿಗಳನ್ನು ಬರೆದದ್ದು ಯಾವ ಆ್ಯಪ್ ನೋಡಿಕೊಂಡು?

ಬೀಗದಕೈ

ಹಾಳೆಮಸಿ ಅವರೇ, ಬರೆದದ್ದನ್ನು ಆಮೇಲೆ ಟೈಪ್ ಮಾಡಿಕೊಡುವವರು ಯಾರು? ಹಿರಿಯರ ಮಾತು ತೆಗೆದಿರಿ, ಹಾಗಾದರೆ ಪೂರ್ಣಚಂದ್ರ ತೇಜಸ್ವಿಯವರನ್ನೂ ನೆನೆಯಿರಿ. ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಕೊನೆಗಾಲದವರೆಗೂ ದನಿಯೆತ್ತಿದವರು ಅವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆಯೂ ಅವರ ಒತ್ತಾಸೆ ಇತ್ತು.

ಹಾಳೆಮಸಿ

ಟೈಪ್ ಮಾಡಿಕೊಡಲು ನಮ್ಮೂರಿನಲ್ಲಿ ಡಿ.ಟಿ.ಪಿ. ಹುಡುಗನಿದ್ದಾನೆ. ಪುಟಕ್ಕೆ ಇಷ್ಟು ಎಂದು ಕೊಟ್ಟರೆ ಮುಗಿಯಿತು. ಅವನು ಮಾಡುವ ತಪ್ಪುಗಳಿಂದ ಒಮ್ಮೊಮ್ಮೆ ಕಥೆ ಸುಧಾರಿಸುವುದೂ ಉಂಟು.

ಎರಡುನುಡಿ

ಅರೆಕಾಲಿಕ ಅವರೇ, ನಾನು ಅನುವಾದವನ್ನೇ ಹೊಟ್ಟೆಪಾಡಿಗೆ ನಂಬಿಕೊಂಡವಳು. ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತೇನೆ ಎಂದಿರಿ. ನಿಮ್ಮ ರೋಗದ ಮೂಲ ಬ್ರೌಸರಿಗಿಂತ ಮೊದಲು ಅಲ್ಲಿಯೇ ಇದೆ ಎಂಬುದು ನನ್ನ ಅನುಮಾನ.

ಆ ವಿಧಾನದಲ್ಲಿ ಒಂದೊಂದು ಪದಕ್ಕೂ ಕೆಳಗೆ ಸಲಹೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ‘ಹಳ್ಳ’ ಬೇಕಾದಲ್ಲಿ ‘ಹಲ್ಲ’ ಮೊದಲಿರುತ್ತದೆ, ‘ಕಣ’ ಬೇಕಾದಲ್ಲಿ ‘ಕನ’. ನೀವು ಓದಬೇಕು, ಆರಿಸಬೇಕು, ಒತ್ತಬೇಕು. ವಾಕ್ಯದ ಲಯ ತಲೆಯಲ್ಲಿ ಓಡುತ್ತಿರುವಾಗ ಹೆಜ್ಜೆಹೆಜ್ಜೆಗೂ ‘ಇದೋ, ಅದೋ’ ಎಂದು ಒಬ್ಬರು ಕೇಳುತ್ತಿದ್ದರೆ ಮನಸ್ಸು ಎಲ್ಲಿಂದ ನಿಲ್ಲಬೇಕು? ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಾಟವಿಲ್ಲ. ಹಾಗಾಗಿಯೇ ಅವರು ಮಾಡುವ ಪಟ್ಟಿಗಳಲ್ಲಿ ಇದರ ಸುದ್ದಿ ಇರುವುದಿಲ್ಲ.

ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಕೀಲಿಮಣೆ ವಿನ್ಯಾಸವನ್ನು ಕಲಿಯಿರಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಅದಕ್ಕೆ ತಳಹದಿ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿರುವುದೂ ಅದೇ. ಮಾಮೂಲಿ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಅಡಗಿದೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಎಫ್ ಕೀಲಿ ಒತ್ತಕ್ಷರದ ಕೊಂಡಿ. ‘ಅಕ್ಕ’ ಎನ್ನಲು ಎ, ಕೆ, ಎಫ್, ಕೆ. ಟ ಇರುವುದು ಕ್ಯೂನಲ್ಲಿ, ಡ ಇರುವುದು ಡಬ್ಲ್ಯೂನಲ್ಲಿ. ಇವೆರಡು ಮಾತ್ರ ಮೊದಮೊದಲು ಕಾಡುತ್ತವೆ. ಒತ್ತಿದ ಕೀಲಿಗೆ ಗೊತ್ತಾದ ಅಕ್ಷರ ಬರುತ್ತದೆ, ಪಟ್ಟಿ ಇಲ್ಲ, ಊಹೆ ಇಲ್ಲ. ಬೆರಳು ಪಳಗಿದ ಮೇಲೆ ಪರದೆಯನ್ನು ನೋಡದೆ ಮೂಲಪುಸ್ತಕದ ಮೇಲೆ ಕಣ್ಣಿಟ್ಟು ಟೈಪ್ ಮಾಡಬಹುದು. ನನಗಂತೂ ಯಾವ ಬೀಗದ ತಂತ್ರಾಂಶವೂ ಕೊಡದ ಏಕಾಗ್ರತೆಯನ್ನು ಇದು ಕೊಟ್ಟಿದೆ.

ಅರೆಕಾಲಿಕ

ಮೇಡಂ, ಈ ವಯಸ್ಸಿನಲ್ಲಿ ಮತ್ತೆ ಕಾಗುಣಿತ ತಿದ್ದುವುದೇ? ವೇಗವೆಲ್ಲ ಹೋಗಿಬಿಡುತ್ತದೆ ಎಂಬ ಭಯ.

ಎರಡುನುಡಿ

ಹೋಗುತ್ತದೆ, ಕೆಲವು ವಾರ. ನೀವೇ ಹೇಳಿದಂತೆ ಈಗ ರಾತ್ರಿಗೆ ನಾಲ್ಕು ಸಾಲು. ಕಳೆದುಕೊಳ್ಳುವುದು ಅಂಥದ್ದೇನಿದೆ?

ಪೆಂಗ್ವಿನ್

ಲಿನಕ್ಸ್ ಬಳಸುವವರಿಗೆ ಒಂದು ಸೇರ್ಪಡೆ. ಟೈಪಿಂಗ್ ವ್ಯವಸ್ಥೆಯಾದ ಐಬಸ್ ಜೊತೆಗೆ ಎಂ17ಎನ್ ಹಾಕಿಕೊಂಡರೆ ಕೆಜಿಪಿ ವಿನ್ಯಾಸ ಅದರಲ್ಲೇ ಇರುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸ ಕಲಿತವರಿಗೂ ಇದೇ ಲಾಭ, ಅದು ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲೇ ಇರುತ್ತದೆ. ಯಾವುದಾದರೂ ಒಂದನ್ನು ಹಿಡಿದು ಬೆರಳಿಗೆ ಇಳಿಸಿಕೊಳ್ಳಿ, ವಾರಕ್ಕೊಂದು ಬದಲಿಸಬೇಡಿ.

ಫೋಕಸ್‌ರೈಟರ್ ಬಗ್ಗೆಯೂ ಒಂದು ಮಾತು. ಅದರ ಜೊತೆಗೆ ಬರುವ ವಿನ್ಯಾಸಗಳನ್ನು ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮಾಡಿದ್ದಾರೆ. ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗುತ್ತವೆ, ಕಣ್ಣು ಪ್ರತಿ ಸಾಲಿನಲ್ಲೂ ಅಲ್ಲಿ ಎಡವುತ್ತದೆ. ಥೀಮ್ ಬದಲಿಸುವ ಕಡೆ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿ, ಫಾಂಟನ್ನು ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡಕ್ಕೆ ಬದಲಿಸಿ. ಬರಹಗಾರರ ತಂತ್ರಾಂಶಗಳಲ್ಲಿ ಹಲವು ಟೈಪ್‌ರೈಟರ್ ಶೈಲಿಯ ಸಮಾನ ಅಗಲದ ಫಾಂಟನ್ನೇ ಹೆಮ್ಮೆಯಿಂದ ಕೊಡುತ್ತವೆ. ನಮಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಕ ಮತ್ತು ಕ್ಷೌ ಒಂದೇ ಅಗಲದ ಪೆಟ್ಟಿಗೆಯಲ್ಲಿ ಕೂರುವುದಿಲ್ಲ.

ನಡುಮನೆ

ನೀವೆಲ್ಲ ಲ್ಯಾಪ್‌ಟಾಪ್ ಇರುವವರ ಮಾತಾಡುತ್ತಿದ್ದೀರಿ. ನಾನು ಕಥೆ ಬರೆಯುವುದು ಪೂರ್ತಿಯಾಗಿ ಫೋನಿನಲ್ಲೇ. ಮಗು ಮಲಗಿದ ಮೇಲೆ ದೀಪ ಹಾಕದೆ ಬರೆಯಬೇಕು. ಗಮನ ಕೆಡಿಸುವುದೂ ಬರೆಯುವುದೂ ಒಂದೇ ಯಂತ್ರವಾದಾಗ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲವಲ್ಲ, ನಾನೇ ಹೇಳುತ್ತೇನೆ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ವಿಭಾಗವಿದೆ, ಅದರೊಳಗೆ ಫೋಕಸ್ ಮೋಡ್. ಕಾಟ ಕೊಡುವ ಆ್ಯಪ್‌ಗಳನ್ನು ಗುರುತು ಹಾಕಿ ಚಾಲೂ ಮಾಡಿದರೆ ಅವುಗಳ ಗುರುತುಚಿತ್ರಗಳು ಬೂದು ಬಣ್ಣಕ್ಕೆ ತಿರುಗುತ್ತವೆ, ಸೂಚನೆಗಳು ಬರುವುದಿಲ್ಲ. ನಾನು ವಾಟ್ಸ್‌ಆ್ಯಪನ್ನೂ ಅದರಲ್ಲಿ ಸೇರಿಸಿದ್ದೇನೆ. ಅತ್ತೆಯವರು ಕರೆ ಮಾಡಿದರೆ ಮಾತ್ರ ಫೋನ್ ಅದುರುತ್ತದೆ. ಐದು ನಿಮಿಷದ ಬಿಡುವು ಕೊಡು ಎಂಬ ಗುಂಡಿಯೂ ಅಲ್ಲಿದೆ, ಅದರ ಕಡೆ ಬೆರಳು ಹೋಗದಂತೆ ನೋಡಿಕೊಳ್ಳಬೇಕು ಅಷ್ಟೆ. ಇಡೀ ಪರದೆಯನ್ನೇ ಕಪ್ಪುಬಿಳುಪು ಮಾಡುವ ಏರ್ಪಾಡೂ ಇದೆ. ಬಣ್ಣ ಹೋದ ಮೇಲೆ ರೀಲ್ಸ್ ನೋಡುವುದು ಉಪ್ಪಿಲ್ಲದ ಸಾರು ಉಂಡಂತೆ, ತಾನಾಗಿಯೇ ಬೇಡವಾಗುತ್ತದೆ.

ಟೈಪ್ ಮಾಡಲು ಕೈ ಬಿಡುವಿಲ್ಲದಾಗ ಜಿಬೋರ್ಡಿನ ಮೈಕ್ ಒತ್ತಿ ಹೇಳಿ ಬರೆಸುತ್ತೇನೆ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಿತಲ್ಲ, ಅದು. ಸಂಭಾಷಣೆಗಳಿಗೆ ಬಹಳ ಚೆನ್ನ. ಕೊತ್ತಂಬರಿ ಬಿಡಿಸುತ್ತ ಎರಡು ಪಾತ್ರಗಳ ಜಗಳವನ್ನು ಹೇಳಿಬಿಡಬಹುದು. ಆದರೆ ವರ್ಣನೆ ಹೇಳಹೊರಟರೆ ನನ್ನ ಬಾಯಲ್ಲಿ ಭಾಷಣವಾಗುತ್ತದೆ. ನಮ್ಮ ಕಡೆಯ ಆಡುಮಾತನ್ನು ಅದು ತಿದ್ದಿ ಗ್ರಂಥಸ್ಥ ಮಾಡುವುದೂ ಉಂಟು, ಆಗ ಮತ್ತೆ ಕೈಯಲ್ಲಿ ಕೆಡಿಸಬೇಕಾಗುತ್ತದೆ.

ಹಾಳೆಮಸಿ

ಕೊತ್ತಂಬರಿ ಬಿಡಿಸುತ್ತ ಕಥೆ ಹೇಳುವ ಈ ತಾಯಿಯ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಆದರೂ ಪೆನ್ನು ಬಿಡುವುದಿಲ್ಲ.

ಟೊಮೆಟೊ

ಪೊಮೊಡೊರೊ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲವೇ? 25 ನಿಮಿಷ ಬರಹ, 5 ನಿಮಿಷ ವಿರಾಮ, ಇಂಥ ನಾಲ್ಕು ಸುತ್ತಾದ ಮೇಲೆ ದೊಡ್ಡ ವಿರಾಮ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರುಮಾಡಿದ್ದು. ಫಾರೆಸ್ಟ್ ಎಂಬ ಆ್ಯಪ್ ಕೂಡ ಹೆಚ್ಚುಕಡಿಮೆ ಅದೇ ತತ್ತ್ವದ್ದು. ಟೈಮರ್ ಓಡುತ್ತಿರುವಾಗ ಫೋನಿನಲ್ಲಿ ಬೇರೆ ಕಡೆ ಹೋದರೆ ನೀವು ನೆಟ್ಟ ಗಿಡ ಒಣಗುತ್ತದೆ.

ಎರಡುನುಡಿ

ಅನುವಾದಕ್ಕೆ ಇದು ಹೇಳಿ ಮಾಡಿಸಿದ್ದು. ಮೂಲ ಎದುರಿಗಿರುತ್ತದೆ, ಎಲ್ಲಿ ನಿಲ್ಲಿಸಿದರೂ ಮತ್ತೆ ಅಲ್ಲಿಂದಲೇ ಹಿಡಿಯಬಹುದು. ಸ್ವಂತ ಕಥೆಗೆ ನಾನಿದನ್ನು ಒಪ್ಪುವುದಿಲ್ಲ. ಪಾತ್ರ ಬಾಯಿಬಿಡುವುದೇ ಇಪ್ಪತ್ತನೆಯ ನಿಮಿಷಕ್ಕೆ, ಇಪ್ಪತ್ತೈದಕ್ಕೆ ಗಂಟೆ ಹೊಡೆದು ಎಬ್ಬಿಸಿದರೆ ಮತ್ತೆ ಮೊದಲಿನಿಂದ ಕುಳಿತು ಕಾಯಬೇಕು. ಇಟ್ಟುಕೊಳ್ಳಲೇಬೇಕೆಂದರೆ ಮುಕ್ಕಾಲು ಗಂಟೆಯ ಸುತ್ತು ಇಟ್ಟುಕೊಳ್ಳಿ.

ಸಾಲುಗಳ್ಳ

ನಾನು ಕವಿ. ನನಗೆ ಐದು ನಿಮಿಷ ಬರಹ, ಇಪ್ಪತ್ತೈದು ನಿಮಿಷ ವಿರಾಮ ಸರಿಹೊಂದುತ್ತದೆ.

ತಮಾಷೆ ಬಿಡಿ. ಐದು ಸೆಕೆಂಡು ಬೆರಳು ನಿಂತರೆ ಬರೆದದ್ದನ್ನೆಲ್ಲ ಅಳಿಸಿಹಾಕುವ ತಾಣವೊಂದಿದೆ, ಯಾರಾದರೂ ಬಳಸಿದ್ದೀರಾ? ಹೆದರಿಕೆಯಿಂದಲಾದರೂ ಪುಟ ತುಂಬುತ್ತದೆ ಎನ್ನುತ್ತಾರೆ.

ಬೀಗದಕೈ

ಗಣಪತಿ ವ್ಯಾಸರಿಗೆ ಹಾಕಿದ ಷರತ್ತೇ ಅದು, ನಡುವೆ ನಿಲ್ಲಿಸಿದರೆ ಲೇಖನಿ ಕೆಳಗಿಡುತ್ತೇನೆ ಎಂದು. ವ್ಯಾಸರು ಗಟ್ಟಿಗರು, ಅರ್ಥ ಮಾಡಿಕೊಳ್ಳದೆ ಒಂದಕ್ಷರವನ್ನೂ ಬರೆಯಕೂಡದೆಂದು ತಿರುಗಿ ಷರತ್ತು ಹಾಕಿ ಉಸಿರಾಡಲು ಸಮಯ ಗಳಿಸಿಕೊಂಡರು. ನಿಮಗೆ ಆ ತಾಣದಲ್ಲಿ ಅಂಥ ಸೌಲಭ್ಯವಿಲ್ಲ. ಸಲಹೆಪಟ್ಟಿಯಿಂದ ಪದ ಆರಿಸುವವರಂತೂ ಆ ಕಡೆ ತಲೆಹಾಕಿಯೂ ಮಲಗಬೇಡಿ. ‘ಸ್ತ್ರೀ’ಯನ್ನು ಹುಡುಕುವಷ್ಟರಲ್ಲಿ ಅಧ್ಯಾಯವೇ ಹೋಗಿರುತ್ತದೆ.

ಲೆಕ್ಕಿಗ

‘ಸ್ತ್ರೀ’ ಎಂದಿರಿ, ನನ್ನ ವಿಷಯಕ್ಕೆ ಬಂದಿರಿ. ಕಣ್ಣಿಗೆ ಅದು ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಆರು: ಸ, ಹಲಂತ, ತ, ಹಲಂತ, ರ, ಮತ್ತು ಈಕಾರದ ಚಿಹ್ನೆ. ಅಕ್ಷರಗಳ ಸಂಖ್ಯೆಯನ್ನು ಗುರಿಯಾಗಿ ಇಟ್ಟುಕೊಂಡವರು ಸಂಸ್ಕೃತ ಪದ ಹೆಚ್ಚು ಬಳಸಿದಷ್ಟೂ ಬೇಗ ಗುರಿ ಮುಟ್ಟುತ್ತಾರೆ. ಇದೂ ಒಂದು ಸಾಹಿತ್ಯಮಾರ್ಗ.

ಪದಗಳ ಎಣಿಕೆಯಲ್ಲೂ ಮೋಸವಿದೆ. ಕೆಲವು ಸಣ್ಣಪುಟ್ಟ ಎಣಿಕೆ ಯಂತ್ರಗಳು ಇಂಗ್ಲಿಷ್ ಅಕ್ಷರಮಾಲೆಯನ್ನಷ್ಟೇ ಅಕ್ಷರ ಎಂದು ತಿಳಿದಿರುತ್ತವೆ. ಕೆಲವು ಗುಣಿತದ ಚಿಹ್ನೆ ಬಂದಲ್ಲೆಲ್ಲ ಪದ ಮುಗಿಯಿತೆಂದು ಕತ್ತರಿಸುತ್ತವೆ. ಒಂದು ಪುಟ ಕನ್ನಡ ಹಾಕಿದರೆ ಒಂದು ಸೊನ್ನೆ ತೋರಿಸುತ್ತದೆ, ಇನ್ನೊಂದು ಮೂರು ಪಟ್ಟು ತೋರಿಸುತ್ತದೆ. ಹೊಸ ತಂತ್ರಾಂಶ ಹಾಕಿಕೊಂಡಾಗ ಒಂದು ಪ್ಯಾರಾ ಬರೆದು, ಕೈಯಲ್ಲಿ ಎಣಿಸಿ ತಾಳೆ ನೋಡಿ. ಜಾಗ ಬಿಟ್ಟಲ್ಲಿ ಪದ ಮುರಿಯುವ ತಂತ್ರಾಂಶಗಳು ಸರಿಯಾಗಿಯೇ ಎಣಿಸುತ್ತವೆ.

ಅಮೆರಿಕದಲ್ಲಿ 1999ರಲ್ಲಿ ಶುರುವಾದ, ನವೆಂಬರ್ ತಿಂಗಳೊಂದರಲ್ಲಿ 50,000 ಪದಗಳ ಕಾದಂಬರಿ ಬರೆಯುವ ಪಂಥವೊಂದಿತ್ತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಆ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡು ಕನ್ನಡದಲ್ಲಿ ದಿನಕ್ಕೆ 1,667 ಪದ ಎಂದು ಗುರಿ ಇಟ್ಟುಕೊಂಡು ಸೋತವರನ್ನು ನೋಡಿದ್ದೇನೆ. ವಿಭಕ್ತಿ, ಸಂಧಿ, ಸಮಾಸ, ಅವಧಾರಣೆ ಎಲ್ಲವನ್ನೂ ಒಂದೇ ಪದದೊಳಗೆ ತುಂಬುವ ನಮ್ಮ ಭಾಷೆಯಲ್ಲಿ ಅಷ್ಟೇ ಕಥೆಗೆ ಪದಗಳು ಬಹಳ ಕಡಿಮೆ ಬೇಕು. ಕೋಲ್ಡ್ ಟರ್ಕಿಯವರದೇ ಒಂದು ಬರವಣಿಗೆಯ ತಂತ್ರಾಂಶವಿದೆ. ಇಷ್ಟು ಪದ ಅಥವಾ ಇಷ್ಟು ಸಮಯ ಬರೆಯುವ ತನಕ ಅದು ಕಂಪ್ಯೂಟರನ್ನೇ ಬಿಟ್ಟುಕೊಡುವುದಿಲ್ಲ. ಅದನ್ನು ಬಳಸುವುದಾದರೆ ಸಮಯವನ್ನೇ ಆರಿಸಿಕೊಳ್ಳಿ, ಪದವನ್ನಲ್ಲ.

ಅರೆಕಾಲಿಕ

ಎಲ್ಲರಿಗೂ ನಮಸ್ಕಾರ. ಲೀಚ್‌ಬ್ಲಾಕ್ ಮತ್ತು ಫೋಕಸ್‌ರೈಟರ್ ಎರಡನ್ನೂ ಹಾಕಿಕೊಂಡೆ, ಸಾಲಂತರ ಹೆಚ್ಚಿಸಿದೆ. ಒಂದು ತೊಡಕು ಉಳಿಯಿತು. ಬ್ರೌಸರಿಗೆ ಬೀಗ ಹಾಕಿದರೆ ನಿಘಂಟಿಗೂ ಬೀಗ ಬೀಳುತ್ತದೆ. ನಡುವೆ ಒಂದು ಪದದ ಅರ್ಥ ನೋಡಬೇಕೆಂದರೆ?

ಎರಡುನುಡಿ

ಅಲರ್ ನಿಘಂಟಿನ ತಾಣವೊಂದಕ್ಕೆ ಮಾತ್ರ ವಿನಾಯಿತಿ ಕೊಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಕನ್ನಡ–ಇಂಗ್ಲಿಷ್ ಕೋಶ ಅದು. ಒಂದೂವರೆ ಲಕ್ಷ ಪದಗಳಿವೆ, 2019ರಿಂದ ಜಾಲದಲ್ಲಿದೆ. ಜಾಹೀರಾತಿಲ್ಲ, ಪಕ್ಕದಲ್ಲಿ ಯಾವ ವಿಡಿಯೊ ಕೂಡ ಕರೆಯುವುದಿಲ್ಲ. ದತ್ತಾಂಶ ಮುಕ್ತವಾಗಿರುವುದರಿಂದ ಇಳಿಸಿಕೊಂಡು ಜಾಲವಿಲ್ಲದೆಯೂ ಬಳಸಬಹುದು.

ಆದರೆ ಕಥೆ ಬರೆಯುವಾಗ ನಿಘಂಟಿಗೂ ಹೋಗಬೇಡಿ ಎನ್ನುತ್ತೇನೆ. ಗೊತ್ತಿಲ್ಲದ ಕಡೆ ಮೂರು ನಕ್ಷತ್ರ ಇಟ್ಟು ಮುಂದೆ ನಡೆಯಿರಿ. ‘ಸೋದರಮಾವ *** ಬಸ್ಸು ಹತ್ತಿದ’ ಎಂದು ಬರೆದರೆ ಅವನು ಹತ್ತಿದಂತೆಯೇ. ಮರುದಿನ ಬೆಳಿಗ್ಗೆ ನಕ್ಷತ್ರಗಳನ್ನು ಹುಡುಕುತ್ತ ಹೋದರೆ ಎಲ್ಲೆಲ್ಲಿ ವಿಚಾರಿಸಬೇಕೆಂಬ ಪಟ್ಟಿ ತಾನಾಗಿ ಸಿದ್ಧವಿರುತ್ತದೆ. ಅರ್ಧಕ್ಕರ್ಧ ನಕ್ಷತ್ರಗಳಿಗೆ ಉತ್ತರವೇ ಬೇಕಾಗಿರುವುದಿಲ್ಲ, ಅದು ಆಮೇಲೆ ತಿಳಿಯುತ್ತದೆ.

ಕರಡು

ವಾರಪತ್ರಿಕೆಯೊಂದರ ಉಪಸಂಪಾದಕ ನಾನು, ಸುಮ್ಮನೆ ಓದುತ್ತಿದ್ದೆ. ನಿಮ್ಮ ಏಕಾಗ್ರತೆಯ ಫಲ ನಮ್ಮ ಮೇಜಿಗೆ ಬಂದಾಗ ಏನಾಗುತ್ತದೆ ಎಂದೂ ಸ್ವಲ್ಪ ಕೇಳಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿ ಬರೆದವರ ಕಡತ ನಿಜದಲ್ಲಿ ಕನ್ನಡವಲ್ಲ. ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಕನ್ನಡದ ಮುಖವಾಡ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ತಾನೇ ತಿದ್ದುವ ಸೌಲಭ್ಯ ಚಾಲೂ ಇದ್ದರೆ ವಾಕ್ಯಾರಂಭದ ಅಕ್ಷರ ತನ್ನಷ್ಟಕ್ಕೆ ಬದಲಾಗಿಬಿಡುತ್ತದೆ. ಲೇಖಕರು ಅದನ್ನು ತಿದ್ದುತ್ತಾರೆ, ಯಂತ್ರ ಮತ್ತೆ ಕೆಡಿಸುತ್ತದೆ, ಸಂಜೆ ಹಾಗೆಯೇ ಮುಗಿಯುತ್ತದೆ. ಆಮೇಲೆ ಯುನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಮನೆಗೆ ಹೋಗಿರುತ್ತದೆ. ಹೊಸಬರು ಯುನಿಕೋಡಿನಲ್ಲೇ ಬರೆಯಿರಿ. ಪತ್ರಿಕೆಗೆ ನುಡಿಯೇ ಬೇಕೆಂದರೆ ಕೊನೆಗೊಮ್ಮೆ ಪರಿವರ್ತಿಸಿ, ರ್ ಇರುವ ಪದಗಳನ್ನಷ್ಟೇ ಹುಡುಕಿ ನೋಡಿದರೆ ಮುಕ್ಕಾಲು ತಪ್ಪು ಸಿಗುತ್ತದೆ.

ಇನ್ನು ಏಕಾಗ್ರತೆ. ನಾನು ಕಂಡಂತೆ ಅದಕ್ಕೆ ಅತಿ ಪರಿಣಾಮಕಾರಿ ಸಾಧನ ದೀಪಾವಳಿ ವಿಶೇಷಾಂಕದ ಕೊನೆಯ ದಿನಾಂಕ. ವರ್ಷವಿಡೀ ಸಮಯವಿಲ್ಲ ಎಂದವರ ಕಥೆಗಳು ಆ ರಾತ್ರಿ ಹನ್ನೊಂದೂ ಐವತ್ತಕ್ಕೆ ಬಂದು ಬೀಳುತ್ತವೆ.

ಸಾಲುಗಳ್ಳ

ಹನ್ನೊಂದೂ ಐವತ್ತೈದಕ್ಕೆ ಬಂದದ್ದನ್ನೂ ತೆಗೆದುಕೊಳ್ಳುತ್ತೀರಲ್ಲ ಸರ್?

ಕರಡು

ಕವಿತೆಯಾದರೆ ಮಾತ್ರ. ಓದಲು ಬೇಗ ಮುಗಿಯುತ್ತದೆ.

ಪೆಂಗ್ವಿನ್

‘ಗೇಮ್ ಆಫ್ ಥ್ರೋನ್ಸ್’ ಬರೆದ ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಜಾಲಸಂಪರ್ಕವಿಲ್ಲದ ಹಳೆಯ ಡಾಸ್ ಕಂಪ್ಯೂಟರಿನಲ್ಲಿ ವರ್ಡ್‌ಸ್ಟಾರ್ 4.0 ಎಂಬ ಬರವಣಿಗೆಯ ತಂತ್ರಾಂಶ ಬಳಸಿ ಬರೆಯುವುದಾಗಿ 2014ರಲ್ಲಿ ಟಿವಿಯಲ್ಲಿ ಹೇಳಿದ್ದರು. ತಿದ್ದಿ ಕೆಡಿಸುವ ಸೌಲಭ್ಯವೇ ಅದರಲ್ಲಿಲ್ಲ ಎಂಬುದು ಅವರ ಸಂತೋಷ. ಮನೆಯಲ್ಲಿ ಅಟ್ಟ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ವೈಫೈ ಗುಪ್ತಪದವನ್ನು ಮರೆಸಿ, ಲಿನಕ್ಸ್ ಹಾಕಿ, ಬರೆಯುವುದಕ್ಕಷ್ಟೇ ಇಟ್ಟುಕೊಳ್ಳಿ. ಖರ್ಚಿಲ್ಲದ ದಾರಿ.

ಹಾಳೆಮಸಿ

ಆ ಮಾರ್ಟಿನ್ ಅವರ ಸರಣಿಯ ಮುಂದಿನ ಪುಸ್ತಕಕ್ಕೆ ನನ್ನ ಮೊಮ್ಮಗ 2011ರಿಂದ ಕಾಯುತ್ತಿದ್ದಾನೆ. ಯಾವ ಸಾಧನದ ಹೆಸರು ಹೇಳುವ ಮುನ್ನವೂ ಇದನ್ನು ನೆನಪಿಡಿ.

ನಡುಮನೆ

ನಕ್ಕು ಮಗು ಎದ್ದಿತು. ಇವತ್ತಿನ ಬರವಣಿಗೆ ಮುಗಿಯಿತು.

ಅರೆಕಾಲಿಕ

ಕೆಜಿಪಿ ಹಾಕಿಕೊಂಡು ಕುಳಿತಿದ್ದೇನೆ. ಬೀಗವೂ ಬಿದ್ದಿದೆ, ಈ ಪುಟವೊಂದಕ್ಕೆ ಮಾತ್ರ ಹತ್ತು ನಿಮಿಷದ ರಿಯಾಯಿತಿ ಇತ್ತು, ಅದೂ ಮುಗಿಯುತ್ತ ಬಂದಿದೆ. ಸೋದರಮಾವ ಬಸ್ಸು ಹತ್ತಿದ. ‘ಮನುಷ್ಯ’ ಎಂದು ಬರೆಯಬೇಕು, ಷ ಎಲ್ಲಿದೆ ಮೇಡಂ?

ಎರಡುನುಡಿ

ಎಕ್ಸ್. ಆಮೇಲೆ ಎಫ್, ವೈ.